ಸಿಟ್ಟಾಗದೆ ಬೀಗಿತ್ತಿಗೆ ತಾಹಿನ್ ತೋರಿಸಿದ್ದು

ಬೀಗಿತ್ತಿ ಓರ್ತೆನ್ಸಿಯಾಳ ಹೆಸರು ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಒಂದು ಬುಧವಾರ ಬೆಳಿಗ್ಗೆ. ಅಂಗಳದಲ್ಲಿ ಕೂತು, ಬಿಸಿಲಿಗೆ ಹರಡಿದ್ದ ವೆನಿಲ್ಲಾ ಕಾಯಿಗಳನ್ನು ಒಂದೊಂದಾಗಿ ಮಗ್ಗುಲು ತಿರುಗಿಸುತ್ತಿದ್ದೆ. ಮೊಮ್ಮಗಳು ಆರಾಸೆಲಿ ಬಂದು ನನ್ನ ಬೆನ್ನ ಹಿಂದೆ ನಿಂತಳು. ಬೆನ್ನ ಹಿಂದೆ ನಿಂತು ಹೇಳುವ ಮಾತು ಎಂದೂ ಒಳ್ಳೆಯದಿರುವುದಿಲ್ಲ. ಶಾಲೆಯ ಬಾಗಿಲು ಸರಿಯಾಗಿ ಕಾಣದ ನಾನು ಬದುಕಿನಲ್ಲಿ ಕಲಿತ ವಿದ್ಯೆ ಅದೊಂದೇ.

"ಅಜ್ಜಿ, ಎವರಾರ್ದೊ ಅವರಮ್ಮ ಬರ್ತಿದಾರೆ. ಭಾನುವಾರ. ನನ್ನನ್ನ ಕೇಳೋಕೆ."

"ಬರ್ಲಿ. ಹೆಣ್ಣು ಬೇಕು ಅಂದ್ರೆ ಕೇಳೋಕೆ ಬರ್ಲೇಬೇಕು ತಾನೇ? ಹೆಸರೇನು ಆಯಮ್ಮಂದು?"

"ಓರ್ತೆನ್ಸಿಯಾ. ಪುಯೆಬ್ಲಾ ಪೇಟೆಯವರು. ಸ್ವಲ್ಪ..."

"ಸ್ವಲ್ಪ ಏನು?"

"ಸ್ವಲ್ಪ ಮಾತು ಜಾಸ್ತಿ. ಮನೆ ನೋಡಿ, ಊಟ ನೋಡಿ, ಒಪ್ಪಿದ್ರೆ ಮಾತ್ರ ಕೇಳೋದಂತೆ. ದೊಡ್ಡ ಮಗನಿಗೆ ಮೊದಲು ನೋಡಿದ ಹುಡುಗಿ ಮನೇಲಿ ಸಾರು ತೆಳ್ಳಗಿತ್ತು ಅಂತ ಬಾಯಿ ಒರೆಸ್ಕೊಂಡು ಎದ್ದು ಬಂದ್ಬಿಟ್ರಂತೆ."

ಇಷ್ಟು ಹೇಳುವಷ್ಟರಲ್ಲಿ ಹುಡುಗಿಯ ದನಿ ಸಾರಿಗಿಂತ ತೆಳ್ಳಗಾಗಿತ್ತು. ಎವರಾರ್ದೊ ಒಳ್ಳೆಯ ಹುಡುಗ. ಎರಡು ವರ್ಷದಿಂದ ಇವಳ ಹಿಂದೆ ಸುತ್ತಿ ಸುತ್ತಿ ಅವನ ಬೂಟಿನ ಅಟ್ಟೆಯೇ ಸವೆದುಹೋಗಿದೆ. ಅವನು ಕೈತಪ್ಪಿದರೆ ಇವಳು ಇನ್ನೊಬ್ಬನ ಮುಖ ನೋಡುವವಳಲ್ಲ. ಅಷ್ಟು ನನಗೆ ಗೊತ್ತು. ನನ್ನ ರಕ್ತ ತಾನೇ!

ನಾನು ಎದ್ದು ನಿಂತೆ. ಮೊಣಕಾಲು ಕಟಕಟ ಎಂದಿತು. ಲೆಕ್ಕಿಸಲಿಲ್ಲ.

"ಸಾರು ತೆಳ್ಳಗಂತೆ! ನಾನು ಸಾರೇ ಮಾಡಲ್ಲ ಕಣೇ. ಸಕಾವಿಲ್ ಮಾಡ್ತೀನಿ!"

ಸಕಾವಿಲ್ ಎಂದರೆ ತಮಾಲುಗಳ, ಅಂದರೆ ಎಲೆಯಲ್ಲಿ ಕಟ್ಟಿ ಬೇಯಿಸುವ ಜೋಳದ ಕಡುಬುಗಳ, ಚಕ್ರವರ್ತಿ. ಮುಸುಕಿನ ಜೋಳದ ತರಿ ಹಿಟ್ಟು, ಕೊಬ್ಬು, ಕೆಂಪು ಮೆಣಸಿನ ಮಸಾಲೆ, ಹಂದಿಯ ತೊಡೆ, ಇಡೀ ಟರ್ಕಿ ಕೋಳಿ, ಎಲ್ಲವನ್ನೂ ಬಾಳೆ ಎಲೆಯಲ್ಲಿ ತೊಟ್ಟಿಲ ಮಗುವಿನಂತೆ ಸುತ್ತಿ, ಮಣ್ಣಿನ ಒಲೆಗೆ ನೂಕಿ, ಬಾಯಿಗೆ ಕೆಸರು ಮೆತ್ತಿ, ಇರುಳೆಲ್ಲ ಬೇಯಿಸುವುದು. ಎಲೆ ಬಿಚ್ಚಿದರೆ ಅರ್ಧ ಊರು ಉಂಡು ಕೈ ನೆಕ್ಕಬೇಕು!

ಒಳಗಿನಿಂದ ಸಟ್ಟುಗ ಬಿದ್ದ ಸದ್ದಾಯಿತು. ಸೊಸೆ ತೊಮಾಸಾ ಬಾಗಿಲಿಗೆ ಬಂದಳು. ಆರಾಸೆಲಿಯ ತಾಯಿ ಇವಳು. ಬಾಯಿ ಸಣ್ಣದು, ಕಣ್ಣು ದೊಡ್ಡದು. ಹೇಳುವುದನ್ನೆಲ್ಲ ಕಣ್ಣಿನಲ್ಲೇ ಹೇಳುತ್ತಾಳೆ.

"ಅತ್ತೆ, ಸಕಾವಿಲ್ ಬೇಡ. ಸಾರೇ ಮಾಡೋಣ. ಗಟ್ಟಿಯಾಗಿ ಮಾಡೋಣ."

"ಯಾಕೆ?"

"ಸಕಾವಿಲ್‌ಗೆ ಸಿಟ್ಟು ಆಗಿಬರಲ್ಲ."

ನಿಜ. ತಮಾಲ್ ಯಾವುದೇ ಇರಲಿ, ಅದು ಬೇಯುವಾಗ ಮನೆಯಲ್ಲಿ ಯಾರೂ ಸಿಟ್ಟಾಗಬಾರದು. ಸಿಟ್ಟಾದರೆ ಅದೂ ಮುನಿಸಿಕೊಂಡು ಹಸಿಯಾಗಿಯೇ ಕೂತುಬಿಡುತ್ತದೆ. ಆಮೇಲೆ ಕಾಡಿಗೆ ಕಾಡನ್ನೇ ಒಲೆಗೆ ತುಂಬಿದರೂ ಬೇಯದು! ಅದರಲ್ಲೂ ಕಲಸಿದವಳ ಸಿಟ್ಟು ಬೇರೆಯವರ ಸಿಟ್ಟಿಗಿಂತ ಹತ್ತು ಪಾಲು ಕೆಟ್ಟದ್ದು. ಅಕಸ್ಮಾತ್ ಸಿಟ್ಟು ತಲೆಯೆತ್ತಿದರೆ ತಕ್ಷಣ ನಾಲ್ಕು ಹೆಜ್ಜೆ ಕುಣಿದು, ಸವಿಮಾತಾಡಿ ಸಮಾಧಾನ ಮಾಡಬೇಕು. ಹೆಣ್ಣು ಕೇಳುವ ದಿನದ ಸಕಾವಿಲ್ ಹಸಿಯಾದರೆ ಆ ಮದುವೆಯೂ ಹಸಿ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಬೀಗಿತ್ತಿಯೇನೋ ತೆಳ್ಳನೆ ಸಾರಿಗೇ ಎದ್ದು ಹೋದವಳು. ಹಸಿ ಹಿಟ್ಟು ಬಡಿಸಿದರೆ ಎಲ್ಲಿಗೆ ಹೋದಾಳು!

ನನ್ನ ಸಿಟ್ಟಾದರೋ ಮೂಗಿನ ತುದಿಯಲ್ಲಿ ಇರುವುದಲ್ಲ, ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತದೆ. ತೀರಿಹೋದ ನನ್ನ ಗಂಡ ಗೌದೆನ್ಸಿಯೊ "ಈ ಮನೆಗೆ ಒಲೆ ದಂಡ, ನಿನ್ನ ನೆತ್ತಿ ಮೇಲೇ ರೊಟ್ಟಿ ಸುಡಬಹುದು" ಎನ್ನುತ್ತಿದ್ದ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಆದರೆ ಅವತ್ತು ನಾನು ಎದೆ ಬಡಿದು ಶಪಥ ಮಾಡಿದೆ. "ಕೇಳ್ರೇ ಇಬ್ಬರೂ! ಭಾನುವಾರ ಒಲೆಯ ಬಾಯಿ ತೆರೆಯೋ ತನಕ ಈ ನಾತಿವಿದಾದ್ ಸಿಟ್ಟಾಗಲ್ಲ. ತಾಹಿನ್‌ನ ಪಾಳು ಊರಲ್ಲಿರೋ ಕಲ್ಲಿಗೆ ಸಿಟ್ಟು ಬಂದ್ರೂ ನನಗೆ ಬರಲ್ಲ!"

ತೊಮಾಸಾ ಕಣ್ಣಿನಲ್ಲೇ ಶಿಲುಬೆ ಗುರುತು ಹಾಕಿಕೊಂಡಳು.

ಶನಿವಾರ ಸಂಜೆ ಒಲೆಗೆ ಮಹಾರಾಜರ ಪ್ರವೇಶವಾಯಿತು. ಕೆಸರು ಮೆತ್ತಿದೆವು. ಭಾನುವಾರ ಮಧ್ಯಾಹ್ನದ ಚರ್ಚಿನ ಗಂಟೆ ಹೊಡೆದ ಮೇಲೆ ತೆರೆಯುವುದು ಎಂದಾಯಿತು. ಬೀಗರು ಬರುವುದೂ ಆ ಹೊತ್ತಿಗೇ. ಅಂದರೆ ನಾನು ಸುಮ್ಮನೆ ಒಂದು ಮೂಲೆಯಲ್ಲಿ ಕೂತು ವೆನಿಲ್ಲಾ ತಿರುಗಿಸುತ್ತ ಸಂತಳಾಗಿ ಕಾಲ ಕಳೆದರೆ ಮುಗಿಯಿತು. ಎಷ್ಟು ಸುಲಭ!

ಭಾನುವಾರ ನಮ್ಮ ಕಾಫಿ ಇನ್ನೂ ಕುದಿಯುತ್ತಿತ್ತು. ಅಂಗಳದ ಮುಂದೆ ಕಾರು ನಿಂತಿತು.

ಮೊದಲು ಇಳಿದದ್ದು ಎತ್ತರದ ಹಿಮ್ಮಡಿಯ ಕಪ್ಪು ಬೂಟು. ಅದರ ಮೇಲೆ ಬೀಗಿತ್ತಿ. ನನ್ನದೇ ವಯಸ್ಸು, ನನ್ನ ಎರಡರಷ್ಟು ಅಗಲ, ಬೀಗಿತ್ತಿ ಎಂಬ ಹೆಸರಿಗೆ ತಕ್ಕಂತೆ ಬೀಗುತ್ತಲೇ ಬಂದಳು. ಹಿಂದೆ ಎವರಾರ್ದೊ, ಮುಖ ಹಿಟ್ಟಿನ ಬಣ್ಣ.

"ಬೇಗ ಬಂದ್ಬಿಟ್ವಿ! ತೊಂದ್ರೆ ಇಲ್ವಲ್ಲ ಬೀಗಿತ್ತಿಯವರೇ? ಹೋಟ್ಲಲ್ಲಿ ಸೊಳ್ಳೆ ನಿದ್ದೆ ಮಾಡೋಕೆ ಬಿಡ್ಲಿಲ್ಲ. ಅಯ್ಯೋ, ಇದೇನಾ ಒಲೆ? ಇಷ್ಟು ಪುಟ್ಟದು?" ಎನ್ನುತ್ತ ನೇರ ಒಲೆಯ ಬಳಿಗೇ ಹೋಗಿ, ಕೆಸರು ಮೆತ್ತಿದ ಬಾಯಿಯನ್ನು ಉಂಗುರದ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದಳು. "ಉಪ್ಪು ನೋಡಿದೀರಾ? ಒಂದು ಮೂಲೆ ಒಡೆದು ನೋಡೋಣ್ವಾ?"

ಒಡೆದು! ಒಲೆಯ ಬಾಯಿ! ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಏನೋ ಬಿಸಿಬಿಸಿಯಾಗಿ ಮೇಲೇರಿತು. ತೊಮಾಸಾಳ ಕಣ್ಣು ತಟ್ಟೆಯಷ್ಟಾದವು. ಆರಾಸೆಲಿ ತುಟಿ ಕಚ್ಚಿದಳು. ನಾನು ಮೇಲೇರಿದ್ದನ್ನು ನುಂಗಿ, ಹಲ್ಲು ತೋರಿಸಿದೆ. ಅದು ನಗು ಎಂದು ಬೀಗಿತ್ತಿ ತಿಳಿಯಲಿ ಎಂಬ ಆಸೆ.

ಈ ಹೆಂಗಸು ಒಲೆಯ ಪಕ್ಕ ಮಧ್ಯಾಹ್ನದವರೆಗೆ ಕೂತರೆ ನಾನು ಸಿಡಿಯುವುದು ಖಂಡಿತ. ಇವಳನ್ನು ಇಲ್ಲಿಂದ ಸಾಗಿಸಬೇಕು. ಎಲ್ಲಿಗೆ? ಆಗ ಹೊಳೆಯಿತು!

"ಬೀಗಿತ್ತಿಯವರೇ, ತಾಹಿನ್ ನೋಡಿದೀರಾ? ನಮ್ಮ ಹಿರೀಕರ ಊರು. ಇಲ್ಲೇ, ಹಿತ್ತಿಲು ದಾಟಿದ್ರೆ ಸಿಗುತ್ತೆ. ಬನ್ನಿ, ತೋರಿಸ್ತೀನಿ!"

"ಅಯ್ಯೋ, ಈಗ ನಾನೂ ಅದನ್ನೇ ಹೇಳೋಳಿದ್ದೆ!" ಎಂದು ಬೀಗಿತ್ತಿ ತಕ್ಷಣ ನನ್ನ ತೋಳು ಹಿಡಿದಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಹಿತ್ತಿಲು ದಾಟುವಾಗ ತೊಮಾಸಾ ನನ್ನ ಕಿವಿಯಲ್ಲಿ ಉಸುರಿದಳು: "ಅತ್ತೆ, ದೂರ ಹೋದ್ರೆ ಪರವಾಗಿಲ್ಲ ಅನ್ಕೋಬೇಡಿ. ಕಲಸಿದ ಕೈ ನಿಮ್ದು. ನೀವು ಎಲ್ಲಿದ್ರೂ ಅದಕ್ಕೆ ಗೊತ್ತಾಗುತ್ತೆ."

ಆ ಪಾಳು ಊರು ನನಗೆ ಹೊಸದಲ್ಲ. ಹುಡುಗಿಯಾಗಿದ್ದಾಗ ಅಲ್ಲಿ ಸೌದೆ ಆಯುತ್ತಿದ್ದೆ. ಗೌದೆನ್ಸಿಯೊ ಅಲ್ಲಿ ಮೂವತ್ತು ವರ್ಷ ಹುಲ್ಲು ಕೊಯ್ದವನು. ಕಾವಲುಗಾರರೆಲ್ಲ ನನ್ನನ್ನು ಅಜ್ಜಿ ಎನ್ನುತ್ತಾರೆ. ಬಾಗಿಲ ಬಳಿ, ಎತ್ತರದ ಕಂಬದಿಂದ ಹಗ್ಗಕ್ಕೆ ನೇತು ಸುತ್ತುತ್ತ ಹಾರುವ ಆಟಗಾರರಲ್ಲೊಬ್ಬ ಕಂಬದ ತುದಿಯಲ್ಲಿ ಕೂತು ಕೊಳಲು ಊದುತ್ತಿದ್ದ. ಒಳಗೆ ಕಾಲಿಡುವ ಮೊದಲು ನಾನು ಚೀಲದಿಂದ ಪುಟ್ಟ ಸೀಸೆ ತೆಗೆದು ನೆಲಕ್ಕೆ ಎರಡು ಹನಿ ಸಾರಾಯಿ ಬಿಟ್ಟೆ.

"ಯಾರಿಗೆ ಅದು?" ಎಂದಳು ಬೀಗಿತ್ತಿ.

"ಮನೆ ಯಜಮಾನರಿಗೆ. ಗುಡುಗಿನ ಮುದುಕರು, ಮಳೆ ತರೋ ದೇವರುಗಳು, ಇಲ್ಲೇ ಇರೋದು. ಕೇಳದೆ ಒಳಗೆ ಹೋಗಬಾರದು."

"ಎರಡೇ ಹನಿನಾ? ಅಷ್ಟು ದೊಡ್ಡವರಿಗೆ? ಜಿಪುಣರು ಅನ್ಕೊಳ್ಳಲ್ವಾ?"

ಜಿಪುಣರು! ನಾವು! ಬಿಸಿ ಮೇಲೇರಿತು. ಒಲೆ ಕಣ್ಣ ಮುಂದೆ ಬಂತು. ತಡಮಾಡದೆ ನಾನು ನಾಲ್ಕು ಹೆಜ್ಜೆ ಕುಣಿದೆ. ಎಡಗಾಲು, ಬಲಗಾಲು, ಒಂದು ಸುತ್ತು. "ಬಂಗಾರಾ, ನನ್ನ ರಾಜಾ, ಬೇಯಪ್ಪಾ" ಎಂದು ಬಾಯೊಳಗೇ ಗೊಣಗಿದೆ.

ಬೀಗಿತ್ತಿ ಒಂದು ಹೆಜ್ಜೆ ಹಿಂದೆ ಸರಿದಳು. "ಕಾಲಿಗೆ ಇರುವೆ ಕಚ್ತಾ?"

"ಹೌದು," ಎಂದೆ. "ಪುಯೆಬ್ಲಾ ಕಡೆಯಿಂದ ಬಂದ ಇರುವೆ" ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ಒಳಗೆ ಎಳೆದುಕೊಂಡೆ.

ಚೆಂಡಾಟದ ಅಂಕಣಕ್ಕೆ ಕರೆದೊಯ್ದೆ. ಗೋಡೆಯ ಮೇಲೆ ನಮ್ಮ ಹಿರೀಕರು ಕೆತ್ತಿದ ಚಿತ್ರ: ಆಡಿದವನೊಬ್ಬನನ್ನು ದೇವರಿಗೆ ಬಲಿ ಕೊಡಲು ಎದೆಗೆ ಕತ್ತಿ ಹಿಡಿದಿದ್ದಾರೆ. ಬೀಗಿತ್ತಿ ಕನ್ನಡಕ ಏರಿಸಿ ನೋಡಿದಳು. "ಪಾಪ, ಊಟಕ್ಕೆ ಕರೆದು ಹೀಗೆ ಮಾಡಿದ್ರಾ?"

ಕುಣಿದೆ.

ಮುಂದೆ ಗೂಡುಗಳ ಪಿರಮಿಡ್. ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿನಲ್ಲೂ ಸಾಲು ಸಾಲು ಕಲ್ಲಿನ ಗೂಡು, ಪ್ರತಿ ಗೂಡಿನಲ್ಲೂ ಒಂದು ತುಂಡು ನೆರಳು. ಎಷ್ಟು ಸಲ ನೋಡಿದರೂ ನನಗೆ ಮಾತು ನಿಲ್ಲುತ್ತದೆ. ಬೀಗಿತ್ತಿಗೆ ನಿಲ್ಲಲಿಲ್ಲ.

"ಚೆನ್ನಾಗಿದೆ. ಪಾರಿವಾಳ ಸಾಕಿದ್ರಾ?"

ಕುಣಿದೆ.

"ಆದ್ರೆ ಚಿಕ್ಕದು. ನಮ್ಮ ಕಡೆ ಚೊಲುಲಾದಲ್ಲಿ ಪಿರಮಿಡ್ ಇದೆ ನೋಡಿ, ಬೆಟ್ಟ! ಅದರ ನೆತ್ತಿ ಮೇಲೆ ಚರ್ಚು ಕಟ್ಟಿದಾರೆ. ನಿಮ್ಮದರ ಮೇಲೆ ಒಂದು ಅಂಗಡಿ ಇಡೋಕೂ ಜಾಗ ಇಲ್ಲ."

ಕುಣಿದೆ. ಈ ಸಲ ಎರಡು ಸುತ್ತು ಹಾಕಬೇಕಾಯಿತು.

ಅಷ್ಟರಲ್ಲಿ ವಿದೇಶಿಯರ ಒಂದು ಗುಂಪು ನಮ್ಮ ಸುತ್ತ ಸೇರಿತ್ತು. ನನ್ನ ಬಿಳಿ ಲಂಗ, ಕಸೂತಿಯ ಮೇಲುಹೊದಿಕೆ, ಇದ್ದಕ್ಕಿದ್ದಂತೆ ಕುಣಿತ! ಇದು ಟಿಕೆಟಿನಲ್ಲಿ ಸೇರಿದ ಕಾರ್ಯಕ್ರಮ ಎಂದುಕೊಂಡರೋ ಏನೋ, ಕ್ಯಾಮೆರಾ ಹಿಡಿದು ನನ್ನ ಹಿಂದೆಯೇ ಹೊರಟರು. ಬೀಗಿತ್ತಿ ಬಾಯಿ ತೆರೆದಾಗಲೆಲ್ಲ ಅವರು ಕ್ಯಾಮೆರಾ ಎತ್ತುವುದಕ್ಕೆ ಶುರುಮಾಡಿದರು. ಯಾವಾಗ ಏನಾಗುತ್ತದೆಂದು ನನಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು! ಕಾವಲುಗಾರ ಹತ್ತಿರ ಬಂದ. "ಅಜ್ಜಿ, ಹುಷಾರಾಗಿದೀರಾ? ನೀರು ಕೊಡ್ಲಾ?"

"ನೀರು ಬೇಡಪ್ಪ. ಗಂಟೆ ಹೊಡೀತಾ?"

"ಇನ್ನೇನು ಹೊಡೆಯುತ್ತೆ."

ಇನ್ನೇನು! ಸೂರ್ಯ ನೆತ್ತಿಗೆ ಬಂದಿದ್ದ. ಗೂಡುಗಳ ನೆರಳೆಲ್ಲ ಒಳಗೆ ಸರಿದಿತ್ತು. ನನ್ನ ಬೆನ್ನಲ್ಲಿ ಬೆವರು. ಆದರೂ ಎದೆ ಮಾತ್ರ ತಣ್ಣಗಿತ್ತು. ಗೆದ್ದೆ! ಒಲೆಯೊಳಗೆ ನನ್ನ ರಾಜ ಮೆತ್ತಗೆ ಬೆಂದು ಮಲಗಿದ್ದಾನೆ. ಇನ್ನು ಒಂದೇ ಒಂದು ಗುಕ್ಕು ತಾಳ್ಮೆ, ನಾತಿವಿದಾದ್, ಒಂದೇ ಗುಕ್ಕು.

ಬೀಗಿತ್ತಿ ಮರದ ನೆರಳಿನಲ್ಲಿ ಕೂತು, ಬೂಟು ಕಳಚಿ, ಪಾದ ಉಜ್ಜಿಕೊಳ್ಳುತ್ತ ಪ್ರೀತಿಯಿಂದಲೇ ಕೇಳಿದಳು:

"ಬೀಗಿತ್ತಿಯವರೇ, ತಪ್ಪು ತಿಳ್ಕೋಬೇಡಿ. ನೀವು ತಮಾಲನ್ನ ಯಾಕೆ ಅಷ್ಟು ದೊಡ್ಡದು ಮಾಡೋದು? ನಾವು ಒಂದೊಂದನ್ನೂ ಅಂಗೈಯಷ್ಟು, ಬೇರೆ ಬೇರೆ ಕಟ್ತೀವಿ. ನಿಮ್ಮದು ಒಂದೇ ಮೂಟೆ. ಕೂತು ಕಟ್ಟೋಕೆ ಸೋಮಾರಿತನಾನಾ?"

ವಿದೇಶಿಯರು ಕ್ಯಾಮೆರಾ ಎತ್ತಿದರು.

ನಾನು ಕುಣಿಯಲಿಲ್ಲ.

"ಸೋಮಾರಿತನಾ?" ಎಂದೆ. ನನ್ನ ದನಿ ಮೊದಲು ಸಣ್ಣಗೇ ಬಂತು. ಆಮೇಲೆ ಗುಡುಗಿನ ಮುದುಕರೆಲ್ಲ ಒಟ್ಟಿಗೆ ನನ್ನ ಗಂಟಲಲ್ಲಿ ಕೂತರು. "ಸೋಮಾರಿತನವಂತೆ! ಜೋಳ ನೆನೆಸಿದವಳು ನಾನು! ಬೀಸಿದವಳು ನಾನು! ತೋಳು ಕಳಚಿ ಬೀಳೋ ತನಕ ನಾದಿದವಳು ನಾನು! ನಿಮ್ಮ ಅಂಗೈಯಷ್ಟು ತಮಾಲು ಯಾರಿಗ್ರೀ ಸಾಕು? ಇರುವೆಗಾ? ಒಬ್ಬೊಬ್ಬರಿಗೆ ಎಣಿಸಿ ಎಣಿಸಿ ಕೊಡೋದು ನಿಮ್ಮೂರ ಮರ್ಯಾದೆ! ಒಂದೇ ಎಲೆ ಬಿಚ್ಚಿ ಊರಿಗೆಲ್ಲ ಬಡಿಸೋದು ನಮ್ಮೂರ ಮರ್ಯಾದೆ!"

ಪಿರಮಿಡ್ಡಿನ ಗೂಡುಗಳಿಂದ ಹಕ್ಕಿಗಳು ಹಾರಿಹೋದವು. ಬೀಗಿತ್ತಿ ಬೂಟು ಕೈಯಲ್ಲಿ ಹಿಡಿದು ಎದ್ದಳು.

"ಎಣಿಸಿ ಕೊಡೋಳು ನಾನಾ? ನಮ್ಮ ಮನೇಲಿ ಕೂತೋರು ಯಾರಾದ್ರೂ ಹಸಿದು ಎದ್ದಿದ್ರೆ ತೋರಿಸ್ರೀ! ಬೆಳಿಗ್ಗೆಯಿಂದ ನೋಡ್ತಿದೀನಿ, ನಾನು ಬಾಯಿ ತೆರೆದ್ರೆ ಸಾಕು, ನೀವು ಕುಣೀತೀರಿ! ನಾನೇನು ಹಾಡಿನ ಪೆಟ್ಟಿಗೆನಾ?"

"ಕುಣೀದಿದ್ರೆ ನಿಮ್ಮ ಜುಟ್ಟು ಹಿಡೀತಿದ್ದೆ, ತಿಳೀತಾ!"

"ಹಿಡೀರಿ ನೋಡೋಣ! ಹಿಡೀರಿ! ನಿಮ್ಮ ಆ ಒಲೆ ಥರಾನೇ ನೀವೂ—"

ಒಲೆ. ಆ ಮಾತು ಅವಳ ಬಾಯಿಂದ ಬಿದ್ದದ್ದೇ ತಡ, ಅವಳ ಕೈ ಅವಳ ಬಾಯಿಗೆ ಹೋಯಿತು. ನನ್ನ ಕೈ ನನ್ನ ಬಾಯಿಗೆ ಹೋಯಿತು. ಇಬ್ಬರೂ ಹಾಗೇ ಕಣ್ಣು ಬಿಟ್ಟು ನಿಂತೆವು.

"ಅಯ್ಯೋ ದೇವರೇ," ಎಂದಳು ಬೀಗಿತ್ತಿ ಬೆರಳ ಸಂದಿಯಿಂದ. "ಒಳಗೆ ತಮಾಲ್ ಇದೆ!"

"ನಿಮಗೂ... ಗೊತ್ತಾ?"

"ಗೊತ್ತಿಲ್ಲದೆ ಏನ್ರೀ! ತಮಾಲ್ ಬೇಯುವಾಗ ಜಗಳ ಆಡಬಾರದು ಅಂತ ಗೊತ್ತಿಲ್ಲದ ಹೆಂಗಸು ಈ ದೇಶದಲ್ಲಿ ಹುಟ್ಟಿದಾಳಾ? ಓ! ಅದಕ್ಕಾ ನೀವು ಬೆಳಿಗ್ಗೆಯಿಂದ...? ನಾನು ವಾತ ಅನ್ಕೊಂಡಿದ್ದೆ! ನಿಂತ್ಕೊಂಡು ಏನು ನೋಡ್ತೀರಿ? ಕುಣೀರಿ! ಬೇಗ!"

ಕುಣಿದೆವು. ಗೂಡುಗಳ ಪಿರಮಿಡ್ಡಿನ ಮುಂದೆ, ಉರಿಬಿಸಿಲಲ್ಲಿ, ಒಬ್ಬಳು ಬರಿಗಾಲಲ್ಲಿ, ಒಬ್ಬಳು ಮುರುಕು ಮೊಣಕಾಲಲ್ಲಿ. "ಬಂಗಾರಾ, ಮುನಿಸ್ಕೋಬೇಡಪ್ಪಾ" ಎಂದು ನಾನು. "ಮುದ್ದೂ, ಸುಮ್ನೆ ತಮಾಷೆಗೆ ಅಂದಿದ್ದು ಕಣೋ" ಎಂದು ಅವಳು. ಕಂಬದ ಕಡೆಯ ಕೊಳಲಿಗೆ ಹೆಜ್ಜೆ ಕೂಡಿಬಂತು. ವಿದೇಶಿಯರು ಚಪ್ಪಾಳೆ ತಟ್ಟಿದರು. ಕಾವಲುಗಾರ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ.

ಢಣ್ ಎಂದು ಗಂಟೆ ಹೊಡೆಯಿತು.

ಮನೆಗೆ ಓಡಿದೆವೋ ಉರುಳಿದೆವೋ ನೆನಪಿಲ್ಲ. ಬೀಗಿತ್ತಿ ನನ್ನ ತೋಳನ್ನು ಮಾತ್ರ ಬಿಡಲಿಲ್ಲ.

ಅಂಗಳದ ತುಂಬ ನೆರೆಹೊರೆಯವರು. ಆರಾಸೆಲಿ ಮದುಮಗಳ ಹಾಗೆ ತಲೆ ಬಾಚಿ ನಿಂತಿದ್ದಳು. ನನ್ನ ಮುಖ ನೋಡಿದ್ದೇ ಅವಳ ಮುಖ ಬಾಡಿತು.

"ಅಜ್ಜಿ... ಇಲ್ಲ ತಾನೇ?"

ನಾನು ನೇರ ಒಲೆಯ ಬಳಿಗೆ ಹೋದೆ. ತೊಮಾಸಾ ಕೆಸರು ಒಡೆದಳು. ಹಬೆ ಭುಸ್ ಎಂದು ಬಂತು. ಗಂಡಸರು ಎಳೆದು ಹಲಗೆಯ ಮೇಲಿಟ್ಟರು. ಕಪ್ಪಾದ ಬಾಳೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ವಾಸನೆ ಚೆನ್ನಾಗಿಯೇ ಇತ್ತು. ಆದರೆ ವಾಸನೆಯನ್ನು ನಂಬುವುದು ಹೇಗೆ? ತೊಮಾಸಾ ಸಟ್ಟುಗ ನಡುವಿಗೆ ಇಳಿಸಿದಳು. ಬೆಂದಿತ್ತು. ಕೆಂಪಗೆ, ಮೆತ್ತಗೆ! ತಲೆಯ ಕಡೆ ಇಳಿಸಿದಳು. ಬೆಂದಿತ್ತು. ನಾನು ಉಸಿರು ಬಿಟ್ಟೆ. ಕಾಲಿನ ಕಡೆಯ ಮೂಲೆಗೆ ಇಳಿಸಿದಳು.

ಸಟ್ಟುಗ ಹೊರಗೆ ಬಂದಾಗ ಅದರ ಮೇಲೆ ಒಂದು ಹಿಡಿ ಹಿಟ್ಟಿತ್ತು. ಬೆಳ್ಳಗೆ. ಹಸಿಹಸಿ.

ನೆರೆಯ ಮುದುಕಿಯೊಬ್ಬಳು "ಹೂಂ" ಎಂದಳು. ಆರಾಸೆಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತೊಮಾಸಾಳ ದೊಡ್ಡ ಕಣ್ಣು ಮೆಲ್ಲಗೆ ತಿರುಗಿ ನನ್ನ ಮೇಲೆ ನಿಂತವು. ನಾನು ಬಾಯಿ ತೆರೆದೆ.

"ಅದು ನಂದು!" ಎಂದವು ಎರಡು ದನಿಗಳು ಒಟ್ಟಿಗೆ.

ತಿರುಗಿ ನೋಡಿದರೆ ಬೀಗಿತ್ತಿ, ಬೂಟು ಇನ್ನೂ ಕೈಯಲ್ಲಿ, ಎದೆಯುಬ್ಬಿಸಿ ನಿಂತಿದ್ದಾಳೆ.

"ನಂದು," ಎಂದಳು ಮತ್ತೆ. "ನಾನೇ ಶುರು ಮಾಡಿದ್ದು. ಸಕಾವಿಲ್‌ನ ಮೂಟೆ ಅಂದೆ."

"ಸುಳ್ಳು! ಮೊದಲು ಕೂಗಿದವಳು ನಾನು!"

"ಕೂಗಿಸಿದವಳು ನಾನು!"

"ಬೀಗಿತ್ತಿಯವರೇ, ನನ್ನ ಮನೆ ಸಕಾವಿಲ್, ನನ್ನ ಸಿಟ್ಟು. ಅದರಲ್ಲೂ ಪಾಲು ಕೇಳ್ತೀರಾ?"

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ತೊಮಾಸಾಳ ಕೈಯಿಂದ ಸಟ್ಟುಗ ಕಿತ್ತುಕೊಂಡು, ಹಸಿ ಹಿಟ್ಟನ್ನು ಒಲೆಯ ಕೆಂಡಕ್ಕೆ ಎಸೆದಳು. "ಹೋಗ್ಲಿ. ಹಿಡಿಯಷ್ಟೇ ತಾನೇ? ನಮ್ಮಿಬ್ಬರ ಬಾಯಿಗೆ ಇದು ಏನೇನೂ ಅಲ್ಲ. ಬಡಿಸಮ್ಮಾ, ಹಸಿವು!" ಎಂದು ಕೂತೇಬಿಟ್ಟಳು. ಮೂರು ಸಲ ಹಾಕಿಸಿಕೊಂಡಳು. ಮೂರನೆಯದನ್ನು ನುಂಗಿ, ಬಾಯಿ ಒರೆಸಿಕೊಂಡಳು. ಬಾಯಿ ಒರೆಸಿಕೊಂಡದ್ದು ಕಂಡು ಎವರಾರ್ದೊ ಕಣ್ಣು ಮುಚ್ಚಿದ. ಆದರೆ ಅವಳು ಏಳಲಿಲ್ಲ.

"ಉಪ್ಪು ಸ್ವಲ್ಪ ಕಡಿಮೆ," ಎಂದಳು. "ಹುಡುಗೀನ ಕೊಡ್ತೀರಾ?"

ನಾನು ಅತ್ತುಬಿಟ್ಟೆ. ನನ್ನನ್ನು ನೋಡಿ ತೊಮಾಸಾ, ತೊಮಾಸಾಳನ್ನು ನೋಡಿ ಇಡೀ ಅಂಗಳ.

ಆಮೇಲೆ ಕಾಫಿಯ ಹೊತ್ತಿಗೆ, ಸಂತೋಷ ಹೆಚ್ಚಾಗಿ, ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಏನಾದ್ರೂ ಅನ್ನಿ, ಬೀಗಿತ್ತಿಯವರನ್ನ ಒಲೆಯಿಂದ ಹೇಗೆ ಸಾಗಿಸಿದೆ ನೋಡಿದ್ರಾ? ನನ್ನ ಬುದ್ಧಿ!" ಎಂದೆ.

ತೊಮಾಸಾ ಲೋಟದೊಳಗೆ ನೋಡಿದಳು. ಎವರಾರ್ದೊ ಸೂರು ನೋಡಿದ. ಆರಾಸೆಲಿಗೆ ಕೆಮ್ಮು ಬಂತು.

"ಅಜ್ಜಿ, ಬೇಜಾರು ಮಾಡ್ಕೋಬೇಡ," ಎಂದಳು ನನ್ನ ಬೆನ್ನ ಹಿಂದೆ ನಿಂತು. "ಗುರುವಾರಾನೇ ನಾವು ಅವರಿಗೆ ಫೋನ್ ಮಾಡಿದ್ವಿ. ಬೇಗ ಬನ್ನಿ, ನಮ್ಮಜ್ಜೀನ ಒಲೆ ಹತ್ರ ಬಿಡಬೇಡಿ, ಮಧ್ಯಾಹ್ನದ ತನಕ ಎಲ್ಲಿಗಾದ್ರೂ ಕರ್ಕೊಂಡು ಹೋಗಿ ಅಂತ ಬೇಡ್ಕೊಂಡಿದ್ವಿ. ಯಾಕೆ ಅಂತ ಮಾತ್ರ ಹೇಳಿರ್ಲಿಲ್ಲ."

ಅಂದರೆ ನಾನು ಬೀಗಿತ್ತಿಗೆ ತಾಹಿನ್ ತೋರಿಸಿರಲಿಲ್ಲ! ನಾನು ಹುಟ್ಟಿದ ಊರಿನ ತಾಹಿನ್ನನ್ನು ಪುಯೆಬ್ಲಾದ ಬೀಗಿತ್ತಿ ಬಂದು ನನಗೆ ತೋರಿಸಿ, ಕುಣಿಸಿ, ಮನೆಗೆ ತಲುಪಿಸಿದ್ದಳು! ಸಿಟ್ಟಾಗೋಣ ಎಂದುಕೊಂಡೆ. ಒಲೆ ತಣ್ಣಗಾಗಿತ್ತು, ಈಗ ಸಿಟ್ಟಾಗಲು ಅಡ್ಡಿಯೇ ಇರಲಿಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ಕಾರು ಹೊರಟಿತು. ನಾಲ್ಕು ಮಾರು ಹೋಗಿ ನಿಂತಿತು. ಗಾಜು ಇಳಿಯಿತು. ಬೀಗಿತ್ತಿ ತಲೆ ಹೊರಗೆ ಹಾಕಿ ನನ್ನನ್ನು ಹತ್ತಿರ ಕರೆದಳು. ಮಗನಿಗೆ ಕೇಳಿಸದಂತೆ ದನಿ ಇಳಿಸಿದಳು.

"ಮದುವೆ ನಮ್ಮೂರಲ್ಲಿ, ಅಲ್ವಾ? ಹಿಂದಿನ ದಿನ ತಮಾಲ್ ಪಾತ್ರೆ ಏರುತ್ತೆ. ನನ್ನ ಸೊಸೆ, ನನ್ನ ಮಕ್ಕಳು ಈಗಿಂದ್ಲೇ ಫೋನಲ್ಲಿ ಗುಸುಗುಸು ಶುರು ಮಾಡಿದಾರೆ, ನನ್ನನ್ನ ಎಲ್ಲಿಗೆ ಕಳಿಸೋದು ಅಂತ. ನೀವು ಒಂದು ದಿನ ಮುಂಚೆ ಬಂದು ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀರಾ ಬೀಗಿತ್ತೀ? ನಾವಿಬ್ಬರು ಕೂಗಾಡಿದ್ರೂ ಪಾತ್ರೆಗೆ ಕೇಳಿಸದಷ್ಟು ದೂರ?"